ಆಷಾಢದ ಜ್ವರ

ಮದುವೆಯಾದ ಮೊದಲ ವರ್ಷ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ತುಳಿಯಬಾರದು ಎಂದು ಸೊಸೆಯನ್ನು ತವರಿಗೆ ಕಳಿಸುವ ಪದ್ಧತಿ ಅರಕೆರೆಯಲ್ಲೂ ಇದೆ. ಚಿಕ್ಕಬೋರಮ್ಮನ ಮನೆಯಲ್ಲಿ ಆದ ಎಡವಟ್ಟಿಗೆಲ್ಲ ಆ ಒಂದು ತಿಂಗಳೇ ಕಾರಣ. ೧೯೯೫ರ ಆಷಾಢದಲ್ಲಿ ಸೊಸೆ ಪವಿತ್ರ ನಾಗಮಂಗಲದ ಕಡೆಯ ತನ್ನೂರಿಗೆ ಹೊರಟಾಗ ಅತ್ತೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ಕೂಗಿದ್ದೇ ತಡ, ಕೈ ತೊಳೆದುಕೊಂಡು ಬಂದು ಸೊಸೆಯ ಬ್ಯಾಗನ್ನು ತಾನೇ ಹೊತ್ತು ದಾಪುಗಾಲು ಹಾಕಿದ್ದಳು. ಹಿಂದೆ ಬರುತ್ತಿದ್ದ ಪವಿತ್ರಳಿಗೆ ಏದುಸಿರು ಬಂದಿತ್ತು. ಶ್ರಾವಣದಲ್ಲಿ ಅವಳು ವಾಪಸು ಬಂದಾಗ ಅದೇ ಅತ್ತೆ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಇವತ್ತು ಎದ್ದಾಳು, ನಾಳೆ ಎದ್ದಾಳು ಎಂದು ಪವಿತ್ರ ಕಾದಳು. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು.

ನಡುವೆ ಆದದ್ದನ್ನು ಅವಳು ನೋಡಿರಲಿಲ್ಲ. ಆಷಾಢದಲ್ಲೇ ಚಿಕ್ಕಬೋರಮ್ಮನಿಗೆ ಮೈ ಸುಡುವ ಜ್ವರ ಬಂದಿತ್ತು. ಶ್ರೀರಂಗಪಟ್ಟಣದ ಡಾಕ್ಟರು ಸೂಜಿ ಚುಚ್ಚಿದರು, ಮಾತ್ರೆ ಕೊಟ್ಟರು, ಜ್ವರ ಇಳಿಯಿತು. ಮೈ ಮಾತ್ರ ಮೇಲೇಳಲಿಲ್ಲ. ಗಂಡ ಮಂಚಯ್ಯ, ಮಗ ಲೋಕೇಶ ಇಬ್ಬರೂ ಮನೆಯಲ್ಲಿದ್ದರು ನಿಜ. ಆದರೆ ಹೊತ್ತಿಗೆ ಸರಿಯಾಗಿ ತಟ್ಟೆಗೆ ಮುದ್ದೆ ಬೀಳಲಿಲ್ಲ ಎಂಬುದು ಅವರ ಕಣ್ಣಿಗೆ ಬಿತ್ತೇ ಹೊರತು ಮುದ್ದೆ ತಿರುವುವವಳು ಹೇಗಿದ್ದಾಳೆ ಎಂಬುದು ಬೀಳಲಿಲ್ಲ. ಸೊಸೆ ಬಂದ ಮೇಲೆ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಿತು. ಅಲ್ಲಿಗೆ ಅವರ ಪಾಲಿನ ಜ್ವರ ಮುಗಿಯಿತು.

ನಾಟಿಗೆ ನಿಂತರೆ ಚಿಕ್ಕಬೋರಮ್ಮ ಉಳಿದ ಹೆಂಗಸರಿಗಿಂತ ಒಂದು ಮಾರು ಮುಂದೆ ಇರುತ್ತಿದ್ದಳು. ಆ ಹೆಮ್ಮೆಯೊಂದು ಅವಳಿಗೆ ಮೊದಲಿನಿಂದಲೂ ಸ್ವಲ್ಪ ಜಾಸ್ತಿಯೇ. ಈಗ ಎರಡು ಬಿಂದಿಗೆ ನೀರು ಸೇದಿದರೆ ಒದ್ದೆ ಗೋಣಿಚೀಲ ಹೊದ್ದ ಹಾಗೆ ಮೈ ಕುಸಿಯುತ್ತಿತ್ತು. ರಾತ್ರಿಯೆಲ್ಲ ಮಲಗಿ ಎದ್ದರೂ ಮಲಗೇ ಇಲ್ಲವೇನೋ ಅನ್ನಿಸುತ್ತಿತ್ತು. ಒಲೆಯ ಮುಂದೆ ಕೂತರೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಇನ್ನೊಂದು ಸಲ ಹಾಕುತ್ತಿದ್ದಳು. ಡಾಕ್ಟರು ರಕ್ತ ನೋಡಿದರು, ಎಕ್ಸ್‌ರೇ ತೆಗೆಸಿದರು. "ಏನೂ ಇಲ್ಲಮ್ಮ, ಮುಟ್ಟು ನಿಲ್ಲೋ ವಯಸ್ಸು, ನರಗಳ ವೀಕ್ನೆಸ್ಸು" ಎಂದು ಟಾನಿಕ್ಕಿನ ಬಾಟಲಿ ಕೊಟ್ಟು ಕಳಿಸಿದರು. ಟಾನಿಕ್ಕಿನಿಂದ ಹಸಿವಾಯಿತು, ಅಷ್ಟೆ. ಕೆಲಸ ಮಾಡದೆ ಚೆನ್ನಾಗಿ ಉಣ್ಣುತ್ತಾಳೆ ಎಂಬ ಮಾತು ಹೊಸದಾಗಿ ಹುಟ್ಟಿತು.

ಒಂದು ಸಂಜೆ ಅವರೆಕಾಳಿನ ಸಾರು ಬಡಿಸುತ್ತಾ ಪವಿತ್ರ ಮಾತು ತೆಗೆದಳು.

"ಮಾವ, ಕೆ.ಆರ್.ಎಸ್.ನಲ್ಲಿ ಇವ್ರಿಗೆ ಕ್ವಾಟ್ರಸ್ ಸಿಕ್ತದಂತೆ. ಯುಗಾದಿ ಕಳುದ್ಮೇಲೆ ಒಂದು ಖಾಲಿ ಆಯ್ತದಂತೆ."

ಲೋಕೇಶ ಕೆ.ಆರ್.ಎಸ್.ನ ನೀರಾವರಿ ಇಲಾಖೆಯಲ್ಲಿ ಕೆಲಸಕ್ಕಿದ್ದ, ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ. ಮಂಚಯ್ಯ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಮಗನನ್ನು ನೋಡಿದ.

"ಏನ್ಲಾ ಇದು?"

ಲೋಕೇಶ ಸಾರಿನಲ್ಲಿ ಕಾಳು ಹುಡುಕತೊಡಗಿದ. "ಕೇಳುದ್ರೆ ಕೊಡ್ತಾರೆ ಅಂದೆ ಕಣಪ್ಪ, ಅಷ್ಟೆಯ. ಇನ್ನೂ ಕೇಳಿಲ್ಲ."

"ಇಲ್ಲಿ ಅಸ ನೋಡೋರ್ಯಾರ್ಲಾ? ನಿಮ್ಮವ್ವುನ್ ಕೈಲಿ ಆಯ್ತದಾ?"

"ನನ್ ಕೈಲೂ ಆಯ್ತಿಲ್ಲ ಮಾವ," ಎಂದಳು ಪವಿತ್ರ. "ಎಲ್ಡು ಅಸ ಕರೀಬೇಕು, ಡೇರಿಗೆ ಆಲು ಆಕ್ಬೇಕು, ಕೊಟ್ಗೆ ಗುಡುಸ್ಬೇಕು. ಒಲೆ ಮುಂದ್ಕೂ ನಾನೆ, ಬಾವಿ ತಾವ್ಕೂ ನಾನೆ. ಕಾಯ್ಲೆ ಇದ್ರೆ ಬ್ಯಾಡ ಅಂತೀನಾ? ಡಾಕುಟ್ರೇ ಏನೂ ಇಲ್ಲ ಅಂದವ್ರೆ."

ಕಂಬಕ್ಕೆ ಒರಗಿದ್ದ ಚಿಕ್ಕಬೋರಮ್ಮ, "ನಾನೂ ಇಲ್ಲೇ ಕುಂತಿವ್ನಿ ಕಣಮ್ಮಿ," ಎಂದಳು.

"ನೀವು ಕೇಳ್ಲಿ ಅಂತ್ಲೇ ಏಳ್ತಿರಾದು ಅತ್ತೆ."

ಆ ಗಟ್ಟಿತನ ಚಿಕ್ಕಬೋರಮ್ಮನಿಗೆ ಹಿಡಿಸಿತು, ಅದೇ ಮಾತು ಎದೆಗೂ ನಾಟಿತು. ಸೊಸೆ ಕೆಟ್ಟವಳಲ್ಲ, ಮೈ ಮುರಿದು ದುಡಿಯುವ ಹುಡುಗಿ. ಮಗ ಸೊಸೆ ಬೇರೆ ಹೋಗುವುದು ಊರಲ್ಲಿ ಇಲ್ಲದ್ದೇನಲ್ಲ. ಮನೆ ಒಡೆದರೆ ಒಡೆಯಲಿ, ಆದರೆ ಅತ್ತೆ ಮೈಗಳ್ಳಿ ಎಂಬ ಮಾತಿನ ಮೇಲೆ ಒಡೆಯಬಾರದು. ಅದೊಂದು ಹೆಸರು ಹೊತ್ತುಕೊಂಡು ಈ ಊರಲ್ಲಿ ಬದುಕುವುದು ತನ್ನಿಂದಾಗದು ಎಂದು ಅವಳಿಗೆ ಖಂಡಿತ ಗೊತ್ತಿತ್ತು.

ಮಾರನೆಯ ವಾರ ಶ್ರೀರಂಗಪಟ್ಟಣದ ಡಾಕ್ಟರೇ ಒಂದು ಚೀಟಿ ಬರೆದುಕೊಟ್ಟರು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರೊಬ್ಬರು, ಜ್ವರ ಬಿಟ್ಟರೂ ಸುಸ್ತು ಬಿಡದವರನ್ನೆಲ್ಲ ಕರೆದು ವಿಚಾರಿಸುತ್ತಿದ್ದಾರಂತೆ, ಸಂಶೋಧನೆಯಂತೆ.

"ಸಂಶೋದ್ನೆ ಅಂದ್ರೆ ಔಸ್ದಿ ಕೊಡ್ತಾರಾ?" ಎಂದು ಮಂಚಯ್ಯ ಕೇಳಿದ.

"ಮೊದ್ಲು ಕೇಳ್ತಾರೆ ಕಣಪ್ಪ, ಆಮೇಕೆ ಕೊಡ್ತಾರೆ," ಎಂದ ಲೋಕೇಶ.

ಮೈಸೂರಿನ ಆಸ್ಪತ್ರೆಯೆಂದರೆ ಹೇಗೆಂದರೆ ಹಾಗೆ ಹೋಗಲಾಗುತ್ತದೆಯೇ? ಹೋಗುವ ದಿನ ಬಸ್ಸಿನಲ್ಲಿ ಬಿದ್ದುಗಿದ್ದರೆ ಮಾನ ಹೋದೀತೆಂದು ಎರಡು ದಿನ ಮುಂಚಿನಿಂದ ಚಿಕ್ಕಬೋರಮ್ಮ ಒಂದು ಕಡ್ಡಿ ಎತ್ತಿಡದೆ ಮಲಗಿದಳು. ಆ ದಿನ ಪವಿತ್ರ ನೀರು ಕಾಯಿಸಿ ಕೊಟ್ಟಳು, ತಲೆ ಬಾಚಿ ಬಿಗಿಯಾಗಿ ತುರುಬು ಕಟ್ಟಿ ಕನಕಾಂಬರ ಮುಡಿಸಿದಳು. ಮಗನ ಮದುವೆಗೆ ತೆಗೆದ ಹಸಿರು ಸೀರೆ ಪೆಟ್ಟಿಗೆಯಿಂದ ಹೊರಬಂತು. ಕತ್ತಿಗೆ ಸರ, ಮುಖಕ್ಕೆ ಅರಿಶಿನ. ಮಂಚಯ್ಯನೂ ಇಸ್ತ್ರಿಯ ಅಂಗಿ ಹಾಕಿಕೊಂಡ. ಗಂಡಹೆಂಡಿರು ಬೀದಿಯಲ್ಲಿ ಹೊರಟರೆ ಬೀಗರ ಮನೆಗೆ ಹೊರಟವರ ಹಾಗೆ ಕಂಡರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತಿನವರು. ಕುರ್ಚಿ ತೋರಿಸಿ, "ಹೇಗಿದ್ದೀರಮ್ಮ, ಚೆನ್ನಾಗಿದ್ದೀರಾ?" ಎಂದರು.

"ಚೆನ್ನಾಗಿವ್ನಿ ಕಣವ್ವ. ನೀವು ಚೆನ್ನಾಗಿದ್ದೀರಾ?"

ಯಾರಾದರೂ ಕೇಳಿದರೆ ಹಾಗೆ ಹೇಳಬೇಕು. ಕೇಳಿದವರ ಮುಂದೆ ಗೋಳು ಹುಯ್ಯುವುದು ಸಭ್ಯರ ಲಕ್ಷಣವೇ?

"ಮನೆ ಕೆಲಸ ಮಾಡಿಕೊಳ್ಳುತ್ತೀರಾ?"

"ಮಾಡ್ತೀನಿ ಕಣವ್ವ. ಮಾಡ್ದೆ ಎಂಗಾಯ್ತದೆ?"

ಗುರುತಿಲ್ಲದ ಹೆಂಗಸಿನ ಮುಂದೆ ಕೆಲಸ ಮಾಡಲ್ಲ ಎಂದು ಒಪ್ಪಿಕೊಳ್ಳಲು ಅವಳಿಗೇನು ಹುಚ್ಚೇ? ಸುಸ್ತಾಗುತ್ತದೆ ಎಂದೂ ಹೇಳಿದಳು. ಆದರೆ ಹಸಿರು ಸೀರೆ ಉಟ್ಟು ಹೂ ಮುಡಿದು ಹೇಳಿದ ಸುಸ್ತು ಎಷ್ಟು ದೊಡ್ಡದಾಗಿ ಕೇಳಿಸೀತು? ಡಾಕ್ಟರಮ್ಮ ಎಲ್ಲ ಬರೆದುಕೊಂಡರು, ನಾಡಿ ನೋಡಿದರು. ಮಲಗಿ ಮಲಗಿ ಮೈ ಸೋತಿರುತ್ತದೆ, ದಿನಾ ಸ್ವಲ್ಪ ನಡೆಯಿರಿ, ವಾರ ವಾರ ಅದನ್ನು ಹೆಚ್ಚಿಸಿ, ಯುಗಾದಿ ಹೊತ್ತಿಗೆ ಮತ್ತೆ ಬನ್ನಿ ಎಂದರು.

ಮೈಸೂರಿಂದ ಬಂದ ದಿನ ಚಿಕ್ಕಬೋರಮ್ಮ ಚೆನ್ನಾಗೇ ಇದ್ದಳು. ಒಂದು ದಿನ ಬಿಟ್ಟು ಮಲಗಿದವಳು ಆ ವಾರ ಏಳಲಿಲ್ಲ. "ಮೈಸೂರು ಸುತ್ಕೊಂಡು ಬರಕ್ಕಾಯ್ತದೆ," ಎಂದು ಪವಿತ್ರ ಹಸುವಿಗೆ ಹೇಳುತ್ತಿದ್ದದ್ದು ಕೊಟ್ಟಿಗೆಯಿಂದ ನಡುಮನೆಗೆ ಸರಿಯಾಗಿ ಕೇಳಿಸಿತು.

ಎದ್ದ ಮೇಲೆ ಹಟ ಹಿಡಿದು ನಡೆಯತೊಡಗಿದಳು. ಮೊದಲು ಮಾರಿಗುಡಿಯವರೆಗೆ, ಆಮೇಲೆ ನಾಲೆ ಏರಿಯವರೆಗೆ, ಆಮೇಲೆ ಏರಿಯ ಮೇಲೆ ತೂಬಿನವರೆಗೆ. ಊರಲ್ಲಿ ಕೆಲಸವಿಲ್ಲದೆ ಯಾರೂ ನಡೆಯುವುದಿಲ್ಲ. ತಲೆಯ ಮೇಲೆ ಹುಲ್ಲಿನ ಹೊರೆಯಿರಬೇಕು, ಇಲ್ಲ ಸೊಂಟದಲ್ಲಿ ಬಿಂದಿಗೆಯಿರಬೇಕು. ಬರಿಗೈಲಿ ಹೋಗಿ ಬರಿಗೈಲಿ ಬರುವವಳನ್ನು ನೋಡಿ ಎದುರುಮನೆಯ ಪುಟ್ಟಲಕ್ಷ್ಮಮ್ಮ ಹೊರೆ ಹೊತ್ತೇ ನಿಂತು ಕೇಳಿದಳು.

"ಏನ್ ಬೋರಕ್ಕ, ಪ್ಯಾಟೆಯೋರಂಗೆ ವಾಕಿಂಗಾ?"

"ಡಾಕುಟ್ರಮ್ಮ ಏಳವ್ರೆ ಕಣವ್ವ."

"ನಮ್ಗೂ ಅಂಥ ಡಾಕುಟ್ರು ಸಿಕ್ಕಿದ್ರೆ! ಗೇಯೋದು ಸೊಸೆ, ತಿರ್ಗೋದು ಅತ್ತೆ."

ಅವಮಾನದಿಂದ ಚಿಕ್ಕಬೋರಮ್ಮನ ಕಿವಿ ಬಿಸಿಯಾಯಿತು. ಆದರೂ ನಡೆದಳು. ಇಂಥ ಔಷಧಿಯನ್ನು ಊರ ಮುಂದೆ ನುಂಗಬೇಕಲ್ಲ ಎನ್ನಿಸಿದರೂ, ವಾಸಿಯಾದರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂಬ ಆಸೆ. ದಿನದಿನಕ್ಕೆ ಕಾಲು ಭಾರವಾಗುತ್ತಿದ್ದದ್ದು ಅವಳಿಗೆ ತಿಳಿಯುತ್ತಿತ್ತು. ಔಷಧಿ ಮೈಗೆ ಹತ್ತುವ ಮುಂಚೆ ಹೀಗಾಗುತ್ತದೇನೋ ಎಂದು ಸಮಾಧಾನ ಹೇಳಿಕೊಂಡಳು. ಯುಗಾದಿಯ ಹಿಂದಿನ ವಾರ ತೂಬಿನ ಹತ್ತಿರ ಕೂತವಳು ಮತ್ತೆ ಏಳಲಾರದೆ ಹೋದಳು. ಕಬ್ಬು ಇಳಿಸಿ ಬರುತ್ತಿದ್ದ ಕರಿಯಯ್ಯನ ಎತ್ತಿನ ಗಾಡಿ ಅವಳನ್ನು ಮನೆ ಬಾಗಿಲಿಗೆ ತಂದು ಇಳಿಸಿತು.

ಪವಿತ್ರ ತೋಳು ಹಿಡಿದು ಒಳಗೆ ತಂದು ಮಲಗಿಸಿ, ನೀರು ಕೊಟ್ಟು, ಆಮೇಲೆ ಬಾಯಿ ಬಿಟ್ಟಳು.

"ನಾಲೆ ಏರಿ ಮೇಲೆ ಅಷ್ಟ್ ದೂರ ನಡೆಯಕ್ಕಾಯ್ತದೆ. ಮನೆ ಮುಂದ್ಲಿಂದ ಒಂದು ಬಿಂದ್ಗೆ ನೀರು ತರಕ್ಕಾಗಲ್ವಾ ಅತ್ತೆ?"

"ನೀರು ತತ್ತಿದ್ದೆ, ನಡಿ ಅಂತ ಏಳ್ದೋರು ನೀರು ತಾ ಅಂತ ಏಳ್ಲಿಲ್ಲ."

"ನಗಸಾರ ಆಡ್ಬೇಡಿ. ನನ್ ಅಂಗೈ ನೋಡಿ."

ಅಂಗೈ ಬೊಬ್ಬೆಯೆದ್ದಿತ್ತು. ಚಿಕ್ಕಬೋರಮ್ಮ ನೋಡಿದಳು. ತನ್ನ ಕೈ ಮೊದಲು ಇದ್ದದ್ದೇ ಹಾಗೆ.

"ಓಗ್ರವ್ವ, ಕೆ.ಆರ್.ಎಸ್.ಗೆ ಓಗಿ," ಎಂದಳು. "ಓಗೋವಾಗ ಮಾತ್ರ ನಮ್ಮತ್ತೆ ಮೈಗಳ್ಳಿ ಅಂತ ಏಳ್ಬುಟ್ಟು ಓಗ್ಬ್ಯಾಡಿ."

"ನಾನ್ಯಾವತ್ತು ಆ ಮಾತಂದೆ?"

"ಬಾಯಲ್ಲಿ ಅನ್ನಿಲ್ಲ."

ಪವಿತ್ರ ಹೋಗಿ ಒಲೆಗೆ ಸೌದೆ ತುರುಕಿದಳು. ಆ ಹೊತ್ತಿನ ಮುದ್ದೆ ಗಂಟುಗಂಟಾಗಿತ್ತು. ಯುಗಾದಿಯಂದು ಒಬ್ಬಟ್ಟು ಆಯಿತಾದರೂ ಚಿಕ್ಕಬೋರಮ್ಮ ಮಲಗಿದ ಕಡೆಯೇ ಬೇವುಬೆಲ್ಲ ಬಾಯಿಗೆ ಹಾಕಿಕೊಂಡಳು.

ಮೈಸೂರಿಗೆ ಹೋಗಬೇಕಾದ ದಿನ ಬಂತು. ಬೆಳಿಗ್ಗೆ ಎದ್ದು ಕೂರಲು ಹೋದರೆ ಅವಳ ಕಣ್ಣು ಕತ್ತಲೆಗಟ್ಟಿತು. ಮಂಚಯ್ಯ ನೋಡಿದವನೇ ಕೈಯಾಡಿಸಿದ.

"ಇವತ್ತು ಬ್ಯಾಡ ಬುಡು. ವಸಿ ಚೆನ್ನಾಗಾಗು, ಆಮೇಕೆ ಆಸ್ಪತ್ರೆಗೆ ಓಗಾನ."

ಚಿಕ್ಕಬೋರಮ್ಮ ಸರಿ ಎಂದು ತಲೆಯಾಡಿಸಿ ಗೋಡೆಯ ಕಡೆ ತಿರುಗಿದಳು. ಆ ಮಾತು ಮಾತ್ರ ತಲೆಯಲ್ಲೇ ಸುತ್ತಿತು. ಸ್ವಲ್ಪ ಹೊತ್ತಿಗೆ ಈ ಕಡೆ ತಿರುಗಿದಳು.

"ಚೆನ್ನಾಗಾದ್ಮೇಲೆ ಆಸ್ಪತ್ರೆಗೆ ಯಾಕೋಗ್ಬೇಕು?"

"ಏನು?"

"ಓದ್ಸಲವೂ ಅಂಗೇ ಮಾಡುದ್ವಿ. ಎಲ್ಡು ದಿನ ಮಲಗಿ, ಚೆನ್ನಾಗಾಗಿ, ಆಮೇಕೆ ಓದೆ. ಆ ಡಾಕುಟ್ರಮ್ಮ ನೋಡುದ್ದು ನಿಮ್ ಮಗುನ್ ಮದ್ವೆ ಸೀರೇನ, ನನ್ನಲ್ಲ. ನಾನು ಇಂಗೇ ಓಯ್ತೀನಿ, ಇವತ್ತೇ."

"ಇಂಗಾ? ತಲೆ ಬಾಚಿಲ್ಲ, ಸೀರೆ ನೋಡು. ಬಸ್ಸಲ್ಲಿ ನಾಕು ಜನ ಏನಂದಾರು?"

"ಅನ್ನಕ್ಕೆ ಏನ್ ಉಳ್ದದೆ ಇನ್ನ?"

ಅವತ್ತು ನಾಲೆ ನೀರಿನ ಸರದಿ ಮಂಚಯ್ಯನದು, ಗದ್ದೆ ಬಿಟ್ಟು ಬರುವಂತಿಲ್ಲ. ಲೋಕೇಶನಿಗೆ ರಜ ಇಲ್ಲ. ಉಳಿದವಳು ಪವಿತ್ರ. ಅವಳು ಹಾಲು ಕರೆದು ಡೇರಿಗೆ ಹಾಕಿ ಬಂದು, ಅತ್ತೆಯ ಹಳೆಯ ನೂಲಿನ ಸೀರೆಯ ನೆರಿಗೆಯನ್ನಾದರೂ ಸರಿಮಾಡಲು ಕೈ ಹಾಕಿದಳು. "ಬುಡು," ಎಂದಳು ಚಿಕ್ಕಬೋರಮ್ಮ. ಬೀದಿಯಲ್ಲಿ ಸೊಸೆಯ ಭುಜದ ಮೇಲೆ ಭಾರ ಬಿಟ್ಟು ನಡೆದಳು. ಪವಿತ್ರ ನಾಚಿಕೆಯಿಂದ ತಲೆ ಎತ್ತಲಿಲ್ಲ. ಬಸ್ಸಿನ ಹಿಂದಿನ ಉದ್ದ ಸೀಟು ಬಿಡಿಸಿಕೊಟ್ಟ ಕಂಡಕ್ಟರ್, "ಏನಾಗದೆ ಇವ್ರಿಗೆ?" ಎಂದು ಕೇಳಿದ. "ಏನೋ ಸುಸ್ತಂತೆ," ಎಂದಳು ಪವಿತ್ರ. ಬಾಬುರಾಯನಕೊಪ್ಪಲು ಬರುವ ಹೊತ್ತಿಗೆ ಅತ್ತೆಯ ತಲೆ ಸೀಟಿನಿಂದ ಜಾರುತ್ತಿತ್ತು. ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಡಾಕ್ಟರಮ್ಮನಿಗೆ ಗುರುತು ಸಿಗಲಿಲ್ಲ. ಹೆಸರು ನೋಡಿ, ಮುಖ ನೋಡಿ, ಹೋದ ಸಲ ಬರೆದದ್ದನ್ನು ನೋಡಿದರು.

"ಹೇಗಿದ್ದೀರಮ್ಮ?"

"ಚೆನ್ನಾಗಿಲ್ಲ ಕಣವ್ವ."

"ಹೋದ ಸಲ ಚೆನ್ನಾಗಿದ್ದೀನಿ ಅಂದಿದ್ದಿರಿ?"

"ನೀವು ಚೆನ್ನಾಗಿದ್ದೀರಾ ಅಂತ ಕೇಳುದ್ರಿ. ಕೇಳ್ದೋರ್ಗೆ ಇನ್ನೇನ್ ಏಳನವ್ವ? ಗೇಯಕ್ಕಾಗಲ್ಲ ಅಂತ ಏಳಕ್ಕೆ ನಾಚ್ಕೆ ಆಯ್ತು. ನೀವು ನಡಿ ಅಂದ್ರಿ, ನಡುದೆ. ನಡ್ದಷ್ಟೂ ಬಿದ್ದೆ. ಅದ್ನ ಏಳಕ್ಕೆ ಬಂದೆ."

ಡಾಕ್ಟರಮ್ಮ ಎದ್ದು ಬಂದು ಅವಳನ್ನು ಮಂಚದ ಮೇಲೆ ಮಲಗಿಸಿ, ಕುರ್ಚಿಯನ್ನು ಪವಿತ್ರಳ ಕಡೆ ಎಳೆದುಕೊಂಡರು.

"ನೀವು ಸೊಸೇನಾ? ಇವರು ಯಾವಾಗ ಮಲಗ್ತಾರೆ?"

"ಯಾವಾಗ್ಲೂವೆ," ಎಂದಳು ಪವಿತ್ರ.

"ಹಾಗಲ್ಲ. ನೆನಪಿರೋದನ್ನ ಒಂದೊಂದಾಗಿ ಹೇಳಿ."

ನೆನಪಿಗೇನು ಕೊರತೆ? ಎಂಟು ತಿಂಗಳ ಸಿಟ್ಟು ಒಂದೂ ಹಾಳಾಗದೆ ಹೊಟ್ಟೆಯಲ್ಲಿತ್ತು. "ಗೌರಿ ಅಬ್ಬುಕ್ಕೆ ಒಬ್ಬಟ್ಟು ನಾನೇ ತಟ್ತೀನಿ ಅಂತ ಕುಂತ್ರು. ತಟ್ಟುದ್ರು. ಆಮೇಲೆ ಮಲುಗ್ದೋರು ಒಂದ್ ವಾರ ಏಳ್ಲಿಲ್ಲ, ರಾಶಿ ಪಾತ್ರೆ ನಾನೇ ಬೆಳಗ್ದೆ. ದೀಪಾವಳೀಲಿ ಮನೆಗೆಲ್ಲ ಸುಣ್ಣ ಬಳುದ್ರು, ನಾನ್ ಬ್ಯಾಡ ಅಂದ್ರೂ ಕೇಳ್ನಿಲ್ಲ. ಮಾರ್ನೇ ದಿನ ಚೆನ್ನಾಗಿದ್ರು, ಅದುರ್ ಮಾರ್ನೇ ದಿನ ಮಲಗುದ್ರು. ಸಂಕ್ರಾಂತೀಲಿ ಅಸುಗಳ ಮೈ ತೊಳ್ದು ಬೀದಿಗೆಲ್ಲ ಎಳ್ಳು ಬೀರುದ್ರು. ಅವಾಗ್ಲೂ ಒಂದ್ ದಿನ ಬುಟ್ಟು..."

ಅಲ್ಲಿಗೆ ಅವಳ ಮಾತು ನಿಧಾನವಾಯಿತು.

"ಇಲ್ಲಿಗೆ ಬಂದು ಹೋದಾಗ?" ಡಾಕ್ಟರಮ್ಮ ಕೇಳಿದರು.

"ಅವಾಗ್ಲೂ ಅಂಗೇ. ಒಂದ್ ದಿನ ಬುಟ್ಟು ಮಲಗುದ್ರು."

"ಏನೂ ಮಾಡದ ವಾರ?"

"ಅವಾಗ ಕುಂತಿರ್ತಾರೆ. ಸೊಪ್ಪು ಬಿಡುಸ್ತಾರೆ, ಕಾಳು ಸುಲೀತಾರೆ." ಪವಿತ್ರ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಸಿಟ್ಟಿನ ಸರಕನ್ನೆಲ್ಲ ತಾನೇ ಸುರಿದು ನೋಡಿದರೆ ಅದು ಬೇರೆ ಏನೋ ಆಗಿ ಕಾಣುತ್ತಿತ್ತು.

"ಶುರುವಿನ ಜ್ವರ ಹೇಗಿತ್ತು?"

"ನಂಗೊತ್ತಿಲ್ಲ. ಆಸಾಡಕ್ಕೆ ನಮ್ಮೂರಿಗೋಗಿದ್ದೆ." ಅಷ್ಟು ಹೇಳಿ ಅವಳು ಮಂಚದ ಕಡೆ ತಿರುಗಿದಳು. "ಎಂಗಿತ್ತು ಅತ್ತೆ ಜ್ವರ?"

ಇಷ್ಟು ದಿನದಲ್ಲಿ ಮನೆಯವರು ಯಾರೂ ಆ ಮಾತು ಕೇಳಿರಲಿಲ್ಲ. ಚಿಕ್ಕಬೋರಮ್ಮ ಸೊಸೆಯ ಕಡೆ ಹೊರಳಿದಳು.

"ಗೋಡೆ ಇಡ್ಕಂಡು ಇತ್ತಲಿಗೆ ಓಯ್ತಿದ್ದೆ ಕಣಮ್ಮಿ. ನೀರ್ ಕೊಡಿ ಅಂತ ನಿಮ್ಮಾವುನ್ನ ಕೂಗಕ್ಕೂ ದನಿ ಬತ್ತಿರ್ನಿಲ್ಲ. ಒಂದ್ಸಲ ಕೊಟ್ಗೇಲೇ ಬಿದ್ದೋಗಿದ್ದೆ. ಅಸ ಬಂದು ಮುಖ ನೆಕ್ತು, ಅದ್ಕೆ ಎಚ್ರ ಆಯ್ತು."

ಡಾಕ್ಟರಮ್ಮ ಬರೆಯುವುದನ್ನು ಮುಗಿಸಿದ ಮೇಲೆ ಪವಿತ್ರ ಕೇಳಿದಳು.

"ಇದ್ಕೆ ಔಸ್ದಿ ಏನು ಮೇಡಂ?"

"ಇದೆ ಅಂದ್ರೆ ಸುಳ್ಳಾಗ್ತದೆ. ಯಾಕೆ ಬರ್ತದೆ ಅಂತಾನೂ ಗೊತ್ತಿಲ್ಲ. ಹೊರದೇಶದಲ್ಲಿ ಇದಕ್ಕೆ ದೀರ್ಘ ದಣಿವಿನ ಕಾಯಿಲೆ ಅಂತ ಹೆಸರಿಟ್ಟಿದ್ದಾರೆ. ಮನಸ್ಸಿಂದೋ ಮೈಯಿಂದೋ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ಜಗಳ ಆಡ್ತಿದ್ದಾರೆ."

"ನಮ್ಮನೇಲೂ ಅದೇ ಜಗ್ಳ ಕಣವ್ವ," ಎಂದಳು ಚಿಕ್ಕಬೋರಮ್ಮ ಮಲಗಿದಲ್ಲಿಂದಲೇ. ಡಾಕ್ಟರಮ್ಮ ನಕ್ಕರು. ಪವಿತ್ರಳಿಗೂ ನಗು ಬಂದು, ಅದರ ಹಿಂದೆಯೇ ಕಣ್ಣು ತುಂಬಿತು.

ನಡೆಯುವುದನ್ನು ನಿಲ್ಲಿಸಿ ಎಂದರು ಡಾಕ್ಟರಮ್ಮ. ಎಷ್ಟು ಆಗುತ್ತದೋ ಅದರಲ್ಲಿ ಅರ್ಧ ಮಾಡಿ, ಚೆನ್ನಾಗಿರುವ ದಿನವೂ ಅರ್ಧವೇ. ವಾಸಿಯಾಗುತ್ತದೆಂದು ಮಾತು ಕೊಡಲಾರೆ, ಆದರೆ ಇದು ಸೋಮಾರಿತನ ಅಲ್ಲ, ಇಷ್ಟು ನಾನು ಬರೆದುಕೊಡಬಲ್ಲೆ. "ಬರ್ದು ಕೊಡಾದ್ ಬ್ಯಾಡ ಬುಡಿ," ಎಂದಳು ಚಿಕ್ಕಬೋರಮ್ಮ. "ಕೇಳ್ಬೇಕಾದೋರು ಇಲ್ಲೇ ಕುಂತವ್ರೆ."

ಆ ರಾತ್ರಿ ಊಟಕ್ಕೆ ಕೂತಾಗ ಮಂಚಯ್ಯ ಔಷಧಿಯೆಲ್ಲಿ ಎಂದು ಕೇಳಿದ. ಇಲ್ಲ ಎಂದಾಗ, "ಅಷ್ಟ್ ದೂರ ಓಗಿ ಬರಿಗೈಲಿ ಬಂದ್ರಾ?" ಎಂದು ರೇಗಿದ. ಪವಿತ್ರ ಅವನ ತಟ್ಟೆಗೆ ಸಾರು ಬಿಡುತ್ತಾ, "ನೀವು ಒಂದು ಅಸ ಕರೀರಿ ಮಾವ, ಅದೇ ಔಸ್ದಿ," ಎಂದಳು. ಲೋಕೇಶ ತಲೆ ಬಗ್ಗಿಸಿ ನಕ್ಕ. ಮಂಚಯ್ಯ ಗೊಣಗಿದ, ಬೆಳಿಗ್ಗೆ ಎದ್ದು ಕರೆದ. ಹಸು ಹೊಸ ಕೈಗೆ ಒದ್ದು ಅರ್ಧ ಹಾಲು ಚೆಲ್ಲಿತು. ಒಂದು ಹಸುವನ್ನು ಕೆ.ಆರ್. ಪೇಟೆಯ ಭಾವಮೈದನಿಗೆ ಕೊಟ್ಟುಬಿಡೋಣ ಎಂದು ಅವತ್ತೇ ಅವನು ತೀರ್ಮಾನ ಮಾಡಿದ. ಚಿಕ್ಕಬೋರಮ್ಮ ಕರುವಿನಿಂದ ಸಾಕಿದ್ದ ಹಸು ಅದು. ಅವಳಿಗೆ ಸಂಕಟವಾಯಿತು, ಆದರೂ ಬೇಡವೆನ್ನಲಿಲ್ಲ.

ಒಂದು ದಿನ ಬಿಟ್ಟು ಬಸ್ಸಿನ ದಣಿವು ಮೈ ಮೇಲೆ ಬಂತು. ಅವಳು ನಡುಮನೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ ಪುಟ್ಟಲಕ್ಷ್ಮಮ್ಮ ಮಜ್ಜಿಗೆಗೆ ಚೊಂಬು ಹಿಡಿದುಕೊಂಡು ಜಗಲಿಗೆ ಬಂದಳು. ಪವಿತ್ರ ಅಲ್ಲೇ ರಾಗಿ ಕೇರುತ್ತಿದ್ದಳು.

"ನಿಮ್ಮತ್ತೆ ಇನ್ನೂ ಎದ್ದಿಲ್ವಾ?"

"ಇಲ್ಲ."

"ಮೊನ್ನೆ ಮೈಸೂರ್ಗೆ ಓಗಿದ್ರಲ್ಲ. ಅದ್ಕೇನೂ ಸುಸ್ತಿಲ್ಲ ಅಲ್ವಾ? ಬುಡವ್ವ, ನೀನು ಬೇರೆ ಓಯ್ತೀನಿ ಅನ್ನೋದ್ರಲ್ಲಿ ತಪ್ಪೇನದೆ?"

ಮೊರದ ಸದ್ದು ನಿಂತಿತು. ಒಳಗೆ ಚಿಕ್ಕಬೋರಮ್ಮ ಕಣ್ಣು ತೆರೆದಳು.

"ಮೊನ್ನೆ ಬಸ್ ಅತ್ತಿದ್ರು, ಅದ್ಕೇ ಇವತ್ತು ಮಲಗವ್ರೆ," ಎಂದಳು ಪವಿತ್ರ. "ಅವ್ರ ಕಾಯ್ಲೆ ಅಂಗೇ. ಆವತ್ತೇ ಬರಲ್ಲ, ಒಂದ್ ದಿನ ಬುಟ್ಟು ಬತ್ತದೆ. ಕೆ.ಆರ್.ಎಸ್.ಗೆ ನಾವು ಓದ್ರೂ ಓಗ್ಬೋದು, ಇವ್ರು ದಿನಾ ಬಸ್ಸಲ್ಲಿ ಓಡಾಡಿ ಸಾಯ್ತಾವ್ರೆ. ಓದ್ರೆ ಅದ್ಕೆ ಓಯ್ತೀವಿ. ನಮ್ಮತ್ತೆ ಗೇಯಲ್ಲ ಅಂತ ಓದ್ವಿ ಅಂತ ಬೀದೀಲಿ ಯಾರಾದ್ರೂ ಅಂದ್ರೆ, ನನ್ನ ಕೇಳಕ್ಕೇಳಿ."

ಪುಟ್ಟಲಕ್ಷ್ಮಮ್ಮ ಮಜ್ಜಿಗೆ ಹುಯ್ಯಿಸಿಕೊಂಡು ಹೋದಳು. ಮೊರದ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಸ್ವಲ್ಪ ಜೋರಾಗಿಯೇ. ಅದು ಮುಗಿದ ಮೇಲೆ ಪವಿತ್ರ ರಾಗಿ ಗಂಜಿ ಹಿಡಿದು ಒಳಗೆ ಬಂದಳು. ಅತ್ತೆಯ ಕಣ್ಣಂಚು ಒದ್ದೆಯಾಗಿದ್ದದ್ದನ್ನು ನೋಡಿ ಲೋಟ ಕೆಳಗಿಟ್ಟಳು.

"ಎಂಗಿದ್ದೀರಿ ಅತ್ತೆ?"

"ಚೆನ್ನಾಗಿಲ್ಲ ಕಣಮ್ಮಿ," ಎಂದಳು ಚಿಕ್ಕಬೋರಮ್ಮ. ಹೇಳಿದ ಮೇಲೆ ಎದೆ ಹಗುರವಾಯಿತು.

"ಗೊತ್ತು," ಎಂದಳು ಪವಿತ್ರ. "ಮಲಗ್ಕಳಿ."